ವಿಮಾನಕ್ಕೆ ಐಆರ್‌ಎಸ್ ಆರಿಸುವಾಗ: ಜಿಪಿಎಸ್ ಹೋದ ಮೇಲೆ ಎಷ್ಟು ಹೊತ್ತು ನಿಲ್ಲಬೇಕು?

ಫೋನನ್ನು ಮೇಜಿನ ಮೇಲೆ ಇಡಿ. ಅದರೊಳಗಿನ ಆಕ್ಸೆಲೆರೋಮೀಟರ್, ಅಂದರೆ ವೇಗ ಎಷ್ಟು ಬೇಗ ಬದಲಾಗುತ್ತಿದೆ ಎಂದು ಅಳೆಯುವ ಸೆನ್ಸರ್, ಕೊಡುವ ಅಂಕಿಗಳನ್ನು ಬರೆದಿಡುವ ಆ್ಯಪ್‌ಗಳು ಬೇಕಾದಷ್ಟಿವೆ. ಒಂದು ನಿಮಿಷದ ಅಂಕಿ ತೆಗೆದುಕೊಳ್ಳಿ. ಅದನ್ನು ಕೂಡಿಸುತ್ತಾ ಹೋದರೆ ವೇಗ ಸಿಗುತ್ತದೆ. ವೇಗವನ್ನು ಮತ್ತೆ ಕೂಡಿಸುತ್ತಾ ಹೋದರೆ ದೂರ ಸಿಗುತ್ತದೆ. ಫೋನು ಒಂದಿಂಚೂ ಅಲ್ಲಾಡಿಲ್ಲ. ಲೆಕ್ಕ ಮಾತ್ರ ಅದು ಮನೆ ಬಿಟ್ಟು ಹೋಗಿದೆ ಅನ್ನುತ್ತದೆ.

ಸೆನ್ಸರ್ ಹೇಳಿದ ಸುಳ್ಳು ತೀರಾ ಸಣ್ಣದು. ಗುರುತ್ವದ ಸಾವಿರದಲ್ಲಿ ಐದು ಪಾಲು ಅಂತಿಟ್ಟುಕೊಳ್ಳಿ. ಅಷ್ಟಕ್ಕೇ ಒಂದು ನಿಮಿಷದಲ್ಲಿ 88 ಮೀಟರ್ ತಪ್ಪು ಬರುತ್ತದೆ. ಹತ್ತು ನಿಮಿಷಕ್ಕೆ ಅದರ ಹತ್ತರಷ್ಟಾಗಿ ನಿಂತಿದ್ದರೆ ಪರವಾಗಿರಲಿಲ್ಲ. ನೂರರಷ್ಟಾಗಿ, ಹೆಚ್ಚುಕಮ್ಮಿ 9 ಕಿಲೋಮೀಟರ್ ಆಗುತ್ತದೆ. ಎರಡು ಸಲ ಕೂಡಿಸಿದ ಲೆಕ್ಕದಲ್ಲಿ ತಪ್ಪು ಬೆಳೆಯುವುದೇ ಹಾಗೆ.

ವಿಮಾನದ ಜಡತ್ವ ವ್ಯವಸ್ಥೆ, ಅಂದರೆ ಇನರ್ಷಿಯಲ್ ಸಿಸ್ಟಮ್, ಮಾಡುವುದೂ ಇದೇ ಲೆಕ್ಕ. ಐಆರ್‌ಎಸ್ (ಇನರ್ಷಿಯಲ್ ರೆಫರೆನ್ಸ್ ಸಿಸ್ಟಮ್) ಇದರದೇ ಒಂದು ಬಗೆ. ಹೊರಗಿನ ರೇಡಿಯೋ ಬೇಡ, ಉಪಗ್ರಹ ಬೇಡ, ಕಿಟಕಿಯೂ ಬೇಡ. ಆದರೆ ಹೊರಟ ಕ್ಷಣದಿಂದ ತಪ್ಪು ಬೆಳೆಯುತ್ತಲೇ ಇರುತ್ತದೆ. ಅದಕ್ಕೇ ಯಾವುದು ಒಳ್ಳೆಯದು ಎಂದು ಯಾರಾದರೂ ಕೇಳಿದರೆ ನಾನು ತಿರುಗಿ ಒಂದೇ ಪ್ರಶ್ನೆ ಹಾಕುತ್ತೇನೆ: ಹೊರಗಿನ ಸಹಾಯ ಪೂರ್ತಿ ನಿಂತ ಮೇಲೆ ಅದು ಎಷ್ಟು ಹೊತ್ತು ನಂಬಿಕೆಗೆ ಅರ್ಹವಾಗಿರಬೇಕು? ಒಂದು ನಿಮಿಷವಾ, ಒಂದು ಗಂಟೆಯಾ, ಸಾಗರ ದಾಟುವ ಹತ್ತು ಗಂಟೆಯಾ? ಈ ಉತ್ತರ ಕೈಲಿದ್ದರೆ ಮುಕ್ಕಾಲು ಪಾಲು ಆಯ್ಕೆ ತಾನಾಗಿಯೇ ಆಗಿಬಿಡುತ್ತದೆ.

ಪೆಟ್ಟಿಗೆಯೊಳಗೆ ನಡೆಯುವುದೇನು

ಮೂರು ಆಕ್ಸೆಲೆರೋಮೀಟರ್, ತಿರುಗುವ ದರ ಅಳೆಯುವ ಮೂರು ಜೈರೋ, ಒಂದು ಕಂಪ್ಯೂಟರ್. ಇಷ್ಟೇ ಸಾಮಾನು. ಕಣ್ಣು ಮುಚ್ಚಿ ಬಸ್ಸಲ್ಲಿ ಕೂತಾಗ ಬ್ರೇಕ್ ಹಾಕಿದ್ದು, ತಿರುವು ತೆಗೆದುಕೊಂಡಿದ್ದು ಗೊತ್ತಾಗುತ್ತದಲ್ವಾ? ಆ ಅನುಭವವನ್ನೇ ಅಳತೆಗೆ ಇಳಿಸಿದ್ದು ಅಂದುಕೊಳ್ಳಿ.

ತೊಂದರೆ ಏನೆಂದರೆ ಆಕ್ಸೆಲೆರೋಮೀಟರ್‌ಗೆ ಗುರುತ್ವ ಯಾವುದು, ವಿಮಾನದ ವೇಗೋತ್ಕರ್ಷ ಯಾವುದು ಅಂತ ಬೇರೆ ಮಾಡಲು ಬರುವುದಿಲ್ಲ. ವಿಮಾನದ ಮೂಗು ಒಂದು ಡಿಗ್ರಿ ಮೇಲೆದ್ದರೂ ಗುರುತ್ವದ ನೂರರಲ್ಲಿ 1.7 ಪಾಲು ಮುಂದಕ್ಕೆ ತಳ್ಳಿದ ಹಾಗೆ ಕಾಣುತ್ತದೆ. ಹಾಗಾಗಿ 'ಸಮತಟ್ಟು' ಎಂದರೆ ಯಾವುದು ಅಂತ ಯಾರಾದರೂ ಸದಾ ಹೇಳುತ್ತಿರಬೇಕು. ಆ ಕೆಲಸ ಜೈರೋದು. ಬೆಲೆ ಹೋಗುವುದೂ ಅದಕ್ಕೇ.

ಮೇಲಾಗಿ ನೆಲ ಚಪ್ಪಟೆಯಲ್ಲ, ನಿಂತಲ್ಲಿ ನಿಂತಿರುವುದೂ ಇಲ್ಲ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ವಿಮಾನ ಒಂದು ನಾಟಿಕಲ್ ಮೈಲಿ (ಸುಮಾರು 1.85 ಕಿಲೋಮೀಟರ್) ಸಾಗಿದರೆ ಸಮತಟ್ಟಿನ ದಿಕ್ಕು ಡಿಗ್ರಿಯ ಅರವತ್ತನೇ ಒಂದು ಪಾಲು ವಾಲುತ್ತದೆ. ಕಂಪ್ಯೂಟರ್ ಇವೆರಡನ್ನೂ ಕಳೆಯುತ್ತಾ, ತನ್ನ ಸಮತಟ್ಟನ್ನು ವಿಮಾನದ ಜೊತೆಗೇ ವಾಲಿಸುತ್ತಾ ಹೋಗುತ್ತದೆ.

ಹೀಗೆ ಮಾಡಿದಾಗ ಒಂದು ಚಂದದ ಲಾಭ ಸಿಗುತ್ತದೆ. ಸಮತಟ್ಟು ಸ್ವಲ್ಪ ತಪ್ಪಿದರೆ ಗುರುತ್ವದ ಒಂದು ಚೂರು ಒಳಗೆ ನುಸುಳುತ್ತದೆ. ಅದು ತಪ್ಪನ್ನು ವಾಪಸ್ ಎಳೆಯುತ್ತದೆ, ಆಚೆ ಕಡೆಗೆ ದಾಟಿಸುತ್ತದೆ, ಮತ್ತೆ ಎಳೆಯುತ್ತದೆ. ಲೋಲಕದ ಹಾಗೆ. ಇದರ ಒಂದು ಸುತ್ತಿಗೆ 84.4 ನಿಮಿಷ ಬೇಕು. ಭೂಮಿಯ ತ್ರಿಜ್ಯದಷ್ಟು ಉದ್ದದ ಲೋಲಕ ಇದ್ದಿದ್ದರೆ ಅದು ತೂಗಲು ಹಿಡಿಯುವ ಸಮಯವೂ ಅಷ್ಟೇ. ಜರ್ಮನಿಯ ಮ್ಯಾಕ್ಸ್ ಷೂಲರ್ 1923ರಲ್ಲೇ ಇದನ್ನು ತೋರಿಸಿಕೊಟ್ಟಿದ್ದರು.

ಇದರಿಂದ ಆಕ್ಸೆಲೆರೋಮೀಟರ್ ತಪ್ಪಿಗೆ ಹಗ್ಗ ಕಟ್ಟಿದ ಹಾಗಾಗುತ್ತದೆ. ಗುರುತ್ವದ ಹತ್ತು ಸಾವಿರದಲ್ಲಿ ಒಂದು ಪಾಲು ತಪ್ಪಿದ್ದರೂ ಸ್ಥಾನದ ತಪ್ಪು ಸುಮಾರು 1.3 ಕಿಲೋಮೀಟರ್ ತನಕ ಹೋಗಿ ಹಿಂದಕ್ಕೆ ಬರುತ್ತದೆ. ಜೈರೋ ತಪ್ಪಿಗೆ ಇಂಥ ರಿಯಾಯಿತಿ ಇಲ್ಲ. ಗಂಟೆಗೆ 0.01 ಡಿಗ್ರಿ ಜಾರುವ ಜೈರೋ ಸರಾಸರಿ ಗಂಟೆಗೆ 0.6 ನಾಟಿಕಲ್ ಮೈಲಿ, ಅಂದರೆ ಒಂದು ಕಿಲೋಮೀಟರ್‌ಗಿಂತ ತುಸು ಜಾಸ್ತಿ, ದಾರಿ ತಪ್ಪಿಸುತ್ತದೆ. ಅದಕ್ಕೇ ವಿವರ ಪಟ್ಟಿ ಕೈಗೆ ಬಂದ ಕೂಡಲೇ ಬಣ್ಣದ ಚಿತ್ರ ಬಿಟ್ಟು ಜೈರೋದ ಜಾರಿಕೆ ಗಂಟೆಗೆ ಎಷ್ಟು ಡಿಗ್ರಿ ಎನ್ನುವ ಸಾಲು ಹುಡುಕಿ.

ಎತ್ತರದ ವಿಷಯದಲ್ಲಿ ಈ ಹಗ್ಗವೂ ಇಲ್ಲ. ಮೇಲೆ ಕೆಳಗಿನ ಲೆಕ್ಕ ಬೇಗ ಹಳಿ ತಪ್ಪುತ್ತದೆ. ಎಷ್ಟೇ ದುಬಾರಿ ಐಆರ್‌ಎಸ್ ಆದರೂ ಎತ್ತರಕ್ಕೆ ಗಾಳಿಯ ಒತ್ತಡದ ಅಳತೆಯ ಕೈ ಹಿಡಿಯಲೇಬೇಕು.

ಎಎಚ್‌ಆರ್‌ಎಸ್ ಸಾಕಾ, ಐಆರ್‌ಎಸ್ಸೇ ಬೇಕಾ?

ಮೊದಲ ಕವಲು ಇದು. ಎಎಚ್‌ಆರ್‌ಎಸ್ ಎರಡೇ ವಿಷಯ ಹೇಳುತ್ತದೆ: ವಿಮಾನ ಹೇಗೆ ವಾಲಿದೆ, ಮುಖ ಯಾವ ಕಡೆಗಿದೆ. ಎಲ್ಲಿದ್ದೀರಿ ಎಂಬುದು ಅದಕ್ಕೆ ಗೊತ್ತಿಲ್ಲ. ಒಳಗಿರುವುದು ಸಾಮಾನ್ಯವಾಗಿ ಮೆಮ್ಸ್ ಜೈರೋ, ಅಂದರೆ ಸಿಲಿಕಾನ್ ಚಿಪ್ಪಿನಲ್ಲಿ ಕೊರೆದ ಕಂಪಿಸುವ ರಚನೆ. ಇವು ಜಾರುವುದು ಜಾಸ್ತಿ. ಭೂಮಿಯ ತಿರುಗುವಿಕೆಯನ್ನು ಗುರುತಿಸುವಷ್ಟು ಸೂಕ್ಷ್ಮವಲ್ಲ. ಹಾಗಾಗಿ ಉತ್ತರ ದಿಕ್ಕು ಯಾವುದು ಅಂತ ತಿಳಿಯಲು ಭೂಮಿಯ ಕಾಂತಕ್ಷೇತ್ರ ಅಳೆಯುವ ಮ್ಯಾಗ್ನೆಟೋಮೀಟರ್ ಬೇಕು. ನೇರ ನಿಲ್ಲಲು ಗುರುತ್ವ ಬೇಕು. ದೀರ್ಘ ತಿರುವಿನಲ್ಲಿ ಗುರುತ್ವವೇ ಮೋಸ ಮಾಡುತ್ತದೆ, ಆಗ ಜಿಪಿಎಸ್ ಅಥವಾ ಗಾಳಿವೇಗದ ಆಸರೆ ಬೇಕು. ಸೆಸ್ನಾ 172ರಂಥ ಸಣ್ಣ ವಿಮಾನಗಳಲ್ಲಿ ಬರುವ ಗಾರ್ಮಿನ್ ಜಿ1000 ವ್ಯವಸ್ಥೆಯ ಎಎಚ್‌ಆರ್‌ಎಸ್ ಈ ಮೂರನ್ನೂ ಬಳಸಿಕೊಳ್ಳುತ್ತದೆ.

ಐಆರ್‌ಎಸ್ ಹಾಗಲ್ಲ. ನಿಂತಲ್ಲೇ ಗುರುತ್ವದಿಂದ ಕೆಳಗು ಯಾವುದು ಅಂತ ಹಿಡಿಯುತ್ತದೆ, ಭೂಮಿಯ ತಿರುಗುವಿಕೆಯಿಂದ ನಿಜವಾದ ಉತ್ತರ ಹಿಡಿಯುತ್ತದೆ. ಮ್ಯಾಗ್ನೆಟೋಮೀಟರ್ ಬೇಡ. ಇಲ್ಲೊಂದು ಮರೆತುಹೋಗುವ ಖರ್ಚಿದೆ. ಪೈಲಟ್‌ಗೆ ಬೇಕಾದ ಕಾಂತೀಯ ಹೆಡಿಂಗ್ (ದಿಕ್ಸೂಚಿಯ ಉತ್ತರದಿಂದ ಎಣಿಸಿದ ವಿಮಾನದ ಮುಖದ ದಿಕ್ಕು) ಅನ್ನು ಐಆರ್‌ಎಸ್ ಅಳೆಯುವುದಿಲ್ಲ. ನಿಜವಾದ ಉತ್ತರಕ್ಕೆ ಮೆಮೊರಿಯಲ್ಲಿರುವ ಕೋಷ್ಟಕದ ವ್ಯತ್ಯಾಸ ಸೇರಿಸಿ ಕೊಡುತ್ತದೆ. ಕಾಂತಧ್ರುವ ಮಾತ್ರ ಸುಮ್ನೆ ಕೂರುವುದಿಲ್ಲ, ವರ್ಷ ವರ್ಷ ಸರಿಯುತ್ತದೆ. ಕೋಷ್ಟಕ ಹಳೆಯದಾದಂತೆ ಹೆಡಿಂಗ್ ಕೂಡ ತಪ್ಪುತ್ತದೆ. ಕೊಳ್ಳುವ ಮೊದಲೇ ಕೋಷ್ಟಕ ಬದಲಿಸುವುದು ಹೇಗೆ, ಪೆಟ್ಟಿಗೆ ಕಳಚಿ ಕಳಿಸಬೇಕಾ ಅಂತ ಕೇಳಿಕೊಳ್ಳಿ.

ನನ್ನ ಅಭಿಪ್ರಾಯ ಸರಳ. ಹಗಲು ಹಾರಾಟ, ನೆಲ ಕಾಣುವ ದಾರಿ, ಒಂದೆರಡು ಗಂಟೆ: ಎಎಚ್‌ಆರ್‌ಎಸ್ ಧಾರಾಳವಾಯಿತು. ಒಂಟಿ ಎಂಜಿನ್ ವಿಮಾನಕ್ಕೆ ಐಆರ್‌ಎಸ್ ಹಾಕಿಸುವುದು ತೂಕ, ವಿದ್ಯುತ್ತು, ದುಡ್ಡು ಮೂರಕ್ಕೂ ದಂಡ. ಸಾಗರ, ಧ್ರುವ ಪ್ರದೇಶ, ಜಿಪಿಎಸ್ ಕೆಡಿಸುವ ಪ್ರದೇಶಗಳ ಮೇಲೆ ಹಾರುವುದಿದ್ದರೆ ಮಾತ್ರ ಮುಂದೆ ಓದಿ.

ಗಿಂಬಲ್ ಕಾಲ ಮುಗಿಯಿತು, ಆದರೂ

ಹಳೆಯ ಐಎನ್‌ಎಸ್‌ಗಳಲ್ಲಿ (ಇನರ್ಷಿಯಲ್ ನ್ಯಾವಿಗೇಷನ್ ಸಿಸ್ಟಮ್) ಸೆನ್ಸರ್‌ಗಳು ಒಂದು ಪುಟ್ಟ ಜಗಲಿಯ ಮೇಲೆ ಕೂರುತ್ತಿದ್ದವು. ಸುತ್ತ ಗಿಂಬಲ್ ಎಂಬ ಬಳೆಗಳು, ಅವುಗಳಿಗೆ ಮೋಟಾರು. ವಿಮಾನ ಹೇಗೇ ಹೊರಳಲಿ, ಒಳಗಿನ ಜಗಲಿ ಸಮತಟ್ಟಾಗಿಯೇ ಇರುತ್ತಿತ್ತು. ಅಮೆರಿಕದ ಎಂಜಿನಿಯರ್ ಚಾರ್ಲ್ಸ್ ಸ್ಟಾರ್ಕ್ ಡ್ರೇಪರ್ ಅವರ ತಂಡ 1953ರಲ್ಲಿ ಇಂಥದ್ದೊಂದನ್ನು ಬಿ-29 ವಿಮಾನದಲ್ಲಿ ಹೇರಿಕೊಂಡು ಮ್ಯಾಸಚೂಸೆಟ್ಸ್‌ನಿಂದ ಲಾಸ್ ಏಂಜಲೀಸ್‌ಗೆ ಹಾರಿತ್ತು. 1970ರಲ್ಲಿ ಸೇವೆಗೆ ಬಂದ ಬೋಯಿಂಗ್ 747ರಲ್ಲಿ ಡೆಲ್ಕೊ ಕಂಪನಿಯ ಕ್ಯಾರೊಸೆಲ್ ಐಎನ್‌ಎಸ್ ಮೂರು ಇರುತ್ತಿದ್ದವು. ಅದರ ಜಾಣತನ ಹೆಸರಿನಲ್ಲೇ ಇದೆ. ಒಳಗಿನ ಸೆನ್ಸರ್‌ಗಳನ್ನು ನಿಮಿಷಕ್ಕೊಂದು ಸುತ್ತು ತಿರುಗಿಸುತ್ತಿತ್ತು. ಒಂದು ಕಡೆಗೆ ಜಾರಿದ ತಪ್ಪು ಅರ್ಧ ನಿಮಿಷದ ನಂತರ ಎದುರು ಕಡೆಗೆ ಜಾರಿ ಬಹುಪಾಲು ವಜಾ ಆಗುತ್ತಿತ್ತು. ಕೆಟ್ಟ ಸೆನ್ಸರ್‌ನಿಂದ ಒಳ್ಳೆಯ ಕೆಲಸ ತೆಗೆಯುವ ಈ ಉಪಾಯ ನನಗೆ ಇವತ್ತಿಗೂ ಇಷ್ಟ.

ನಂತರ ಬಂದ ಸ್ಟ್ರ್ಯಾಪ್‌ಡೌನ್ ಎಂಬ ಬಗೆಯಲ್ಲಿ ಬಳೆಗಳಿಲ್ಲ. ಸೆನ್ಸರ್‌ಗಳನ್ನು ನೇರ ವಿಮಾನದ ಮೈಗೆ ಬಿಗಿದಿರುತ್ತಾರೆ. ಸಮತಟ್ಟಿನ ಜಗಲಿ ಇರುವುದು ಕಂಪ್ಯೂಟರ್ ಲೆಕ್ಕದಲ್ಲಿ ಮಾತ್ರ. ಸವೆಯುವ ಬೇರಿಂಗ್ ಇಲ್ಲ, ಮೋಟಾರು ಇಲ್ಲ. 1980ರ ದಶಕದ ಆರಂಭದಲ್ಲಿ ಬೋಯಿಂಗ್ 757, 767 ಇದನ್ನು ಲೇಸರ್ ಜೈರೋ ಜೊತೆಗೆ ತಂದ ಮೇಲೆ ಪ್ರಯಾಣಿಕ ವಿಮಾನಗಳಲ್ಲಿ ಗಿಂಬಲ್ ಹಿಂದೆ ಸರಿಯಿತು. ಹೆಸರೂ ಬದಲಾಯಿತು. ದಾರಿಯ ಬಿಂದುಗಳನ್ನೂ ತಾನೇ ಇಟ್ಟುಕೊಳ್ಳುವುದು ಐಎನ್‌ಎಸ್. ಸ್ಥಾನ, ವೇಗ, ವಾಲಿಕೆಗಳನ್ನು ಲೆಕ್ಕ ಹಾಕಿ ಎಫ್‌ಎಂಎಸ್ ಎಂಬ ದಾರಿ ನೋಡಿಕೊಳ್ಳುವ ಕಂಪ್ಯೂಟರ್‌ಗೆ ಒಪ್ಪಿಸಿ ಸುಮ್ಮನಾಗುವುದು ಐಆರ್‌ಎಸ್. ಗಾಳಿಯ ಅಳತೆಯೂ ಅದೇ ಪೆಟ್ಟಿಗೆಯಲ್ಲಿದ್ದರೆ ಎಡಿಐಆರ್‌ಯು. ಹಳೆಯ ವಿಮಾನದ ಜೊತೆ ಗಿಂಬಲ್ ಐಎನ್‌ಎಸ್ ಬಂದರೆ ಅದನ್ನು ಆಯ್ಕೆ ಅಂತ ಎಣಿಸಬೇಡಿ. ರಿಪೇರಿ ಮಾಡುವ ಕೈಗಳು ಸಿಗುವುದೇ ಕಷ್ಟ.

ಜೈರೋ ಯಾವುದಿರಲಿ

ರಿಂಗ್ ಲೇಸರ್ ಜೈರೋ ಅಂದರೆ ಗಾಜಿನಂಥ ಗಟ್ಟಿಯೊಳಗೆ ಕೊರೆದ ತ್ರಿಕೋನ ಅಥವಾ ಚೌಕದ ದಾರಿ. ಅದರಲ್ಲಿ ಹೀಲಿಯಂ, ನಿಯಾನ್ ಅನಿಲ. ಎರಡು ಲೇಸರ್ ಕಿರಣಗಳು ಎದುರುಬದುರಾಗಿ ಸುತ್ತುತ್ತವೆ. ಗಟ್ಟಿ ತಿರುಗಿದರೆ ಒಂದು ಕಿರಣಕ್ಕೆ ದಾರಿ ಉದ್ದವಾದ ಹಾಗೆ, ಇನ್ನೊಂದಕ್ಕೆ ಗಿಡ್ಡವಾದ ಹಾಗೆ ಆಗುತ್ತದೆ. ಅವುಗಳ ಆವರ್ತನದಲ್ಲಿ ಬರುವ ವ್ಯತ್ಯಾಸ ಎಣಿಸಿದರೆ ತಿರುಗಿದ ದರ ಸಿಕ್ಕಿತು. ಇದರ ಮೂಲ ತತ್ವಕ್ಕೆ ಸಾನ್ಯಾಕ್ ಪರಿಣಾಮ ಎನ್ನುತ್ತಾರೆ. ಫ್ರಾನ್ಸಿನ ಜಾರ್ಜ್ ಸಾನ್ಯಾಕ್ 1913ರಲ್ಲಿ ತೋರಿಸಿದ್ದು.

ಇದಕ್ಕೊಂದು ಕಾಯಿಲೆಯಿದೆ. ತೀರಾ ನಿಧಾನವಾಗಿ ತಿರುಗುವಾಗ ಎರಡೂ ಕಿರಣ ಒಂದಕ್ಕೊಂದು ಅಂಟಿಕೊಂಡು ವ್ಯತ್ಯಾಸ ಮಾಯವಾಗುತ್ತದೆ. ಮದ್ದು ಏನು ಗೊತ್ತಾ? ಇಡೀ ಗಟ್ಟಿಯನ್ನೇ ಸೆಕೆಂಡಿಗೆ ನೂರಾರು ಸಲ ಅತ್ತಿತ್ತ ಅಲ್ಲಾಡಿಸುತ್ತಿರುವುದು. ಇದಕ್ಕೆ ಡಿದರ್ ಅನ್ನುತ್ತಾರೆ. ಚಲಿಸುವ ಭಾಗವೇ ಇಲ್ಲದ ಜೈರೋ ಎಂದು ಹೊಗಳುವವರು ಇದನ್ನು ಹೇಳುವುದಿಲ್ಲ. ಹತ್ತಿರ ನಿಂತರೆ ಗುಂಯ್ ಅನ್ನುವ ಸದ್ದು ಬರುತ್ತದೆ. ಆದರೂ ದೊಡ್ಡ ವಿಮಾನಗಳಲ್ಲಿ ನಾಲ್ಕು ದಶಕ ದಾಟಿ ಪಳಗಿದ್ದು ಇದೇ. ಗಂಟೆಗೆ 0.01 ಡಿಗ್ರಿ ಜಾರಿಕೆ ಇದಕ್ಕೆ ದಿನನಿತ್ಯದ ಮಾತು.

ಫೈಬರ್ ಜೈರೋದಲ್ಲೂ ಸಾನ್ಯಾಕ್ ಪರಿಣಾಮವೇ. ಲೇಸರ್ ಸುತ್ತುವ ಗಟ್ಟಿಯ ಬದಲು ಉದ್ದನೆಯ ಗಾಜಿನ ಎಳೆಯ ಸುರುಳಿ. ಬೆಳಕಿನ ಮೂಲ ಹೊರಗಿರುವುದರಿಂದ ಕಿರಣ ಅಂಟಿಕೊಳ್ಳುವ ಕಾಯಿಲೆಯಿಲ್ಲ, ಅಲ್ಲಾಡಿಸುವ ಗೋಜೂ ಇಲ್ಲ. ಎಳೆ ಉದ್ದ ಮಾಡಿದಷ್ಟೂ ಸೂಕ್ಷ್ಮತೆ ಜಾಸ್ತಿ. ಇದರ ಶತ್ರು ಬಿಸಿ. ಸುರುಳಿಯ ಒಂದು ಭಾಗ ಬೇಗ ಬಿಸಿಯಾದರೆ ತಿರುಗದಿದ್ದರೂ ತಿರುಗಿದ ಹಾಗೆ ತೋರಿಸುತ್ತದೆ. ಬಿಸಿಲಲ್ಲಿ ನಿಂತು ತಟ್ಟನೆ ಮೇಲೇರುವ ವಿಮಾನಕ್ಕೆ ಹಾಕುವುದಿದ್ದರೆ ತಾಪಮಾನ ಬದಲಾಗುವಾಗಿನ ಅಂಕಿಗಳನ್ನೇ ಕೇಳಿ. ನಿಂತ ನೀರಿನಂಥ ಪ್ರಯೋಗಾಲಯದ ಅಂಕಿ ಉಪಯೋಗಕ್ಕೆ ಬಾರದು.

ಇನ್ನು ಎಚ್‌ಆರ್‌ಜಿ, ಅಂದರೆ ಕಂಪಿಸುವ ಅರ್ಧಗೋಳದ ಜೈರೋ. ಗಾಜಿನ ಬಟ್ಟಲನ್ನು ಟಣ್ ಅನ್ನಿಸಿ ತಿರುಗಿಸಿದರೆ ಅದರ ಕಂಪನದ ಅಲೆ ಬಟ್ಟಲಿನಷ್ಟು ತಿರುಗದೆ ಹಿಂದೆ ಉಳಿಯುತ್ತದೆ. 1890ರಲ್ಲಿ ಜಿ. ಎಚ್. ಬ್ರಯನ್ ಗುರುತಿಸಿದ ಈ ಗುಣದ ಮೇಲೆ ನಿಂತ ಜೈರೋ ಇದು. ಶನಿಗ್ರಹಕ್ಕೆ ಹೋದ ಕ್ಯಾಸಿನಿ ನೌಕೆಯಲ್ಲಿ ಇದೇ ಇತ್ತು. ಬಾಳಿಕೆ ಚೆನ್ನಾಗಿದೆ. ಮಾಡುವ ಕಂಪನಿಗಳು ಮಾತ್ರ ಬೆರಳೆಣಿಕೆ.

ಗಂಟೆಗಟ್ಟಲೆ ಒಂಟಿಯಾಗಿ ನಿಲ್ಲಬೇಕಾದರೆ ಲೇಸರ್ ಅಥವಾ ಅದೇ ದರ್ಜೆಯ ಫೈಬರ್. ಇವೆರಡರ ನಡುವೆ ನಾನು ತಂತ್ರಜ್ಞಾನಕ್ಕಿಂತ ರಿಪೇರಿ ಎಲ್ಲಿ, ಎಷ್ಟು ದಿನ ಎಂಬುದನ್ನೇ ನೋಡುತ್ತೇನೆ. ನಿಮಿಷಗಳ ಮಾತಾದರೆ ಮೆಮ್ಸ್ ಸಾಕು.

ಜಿಪಿಎಸ್ ಜೊತೆ ಎಷ್ಟು ಸಲುಗೆ?

ಹಿಂದೆಲ್ಲ ಈ ಪ್ರಶ್ನೆಗೆ ಉತ್ತರ ಸುಲಭವಿತ್ತು: ಎಷ್ಟು ಬೆರೆತರೆ ಅಷ್ಟು ಒಳ್ಳೆಯದು. ಜಿಪಿಎಸ್ ಕಾಲಾನುಕಾಲಕ್ಕೆ ಜಾರುವುದಿಲ್ಲ, ಆದರೆ ತಟ್ಟನೆ ಕಾಣೆಯಾಗಬಹುದು. ಐಆರ್‌ಎಸ್ ಕಾಣೆಯಾಗುವುದಿಲ್ಲ, ಆದರೆ ಜಾರುತ್ತದೆ. ಇಬ್ಬರನ್ನೂ ಕಾಲ್ಮನ್ ಫಿಲ್ಟರ್ ಎಂಬ ಲೆಕ್ಕದಲ್ಲಿ ಕೂಡಿಸಿದರೆ ಒಬ್ಬರ ಕೊರತೆ ಇನ್ನೊಬ್ಬರು ತುಂಬುತ್ತಾರೆ.

ಜಿಪಿಎಸ್ ಸಿಗ್ನಲ್ ಮುಳುಗಿಸುವುದನ್ನು ಈ ಜೋಡಿ ಚೆನ್ನಾಗಿಯೇ ತಾಳಿಕೊಳ್ಳುತ್ತದೆ. ಹೋಯಿತು ಅಂತ ಗೊತ್ತಾಗುತ್ತದೆ, ಅಲ್ಲಿಂದ ಐಆರ್‌ಎಸ್ ಒಂಟಿಯಾಗಿ ನಡೆಯುತ್ತದೆ. ನಕಲಿ ಸಿಗ್ನಲ್ ಕಥೆ ಬೇರೆ. 2023ರ ಸೆಪ್ಟೆಂಬರ್ ಹೊತ್ತಿಗೆ ಮಧ್ಯಪ್ರಾಚ್ಯದ ಮೇಲೆ ಹಾರುತ್ತಿದ್ದ ವಿಮಾನಗಳಿಂದ ಇಂಥ ದೂರುಗಳು ಬರತೊಡಗಿದವು. ಕೆಲವು ವಿಮಾನಗಳಲ್ಲಿ ಜಿಪಿಎಸ್ ಜೊತೆ ಬೆರೆತ ಐಆರ್‌ಎಸ್ ಸ್ಥಾನವೂ ಕೆಟ್ಟಿತ್ತು. ಸುಳ್ಳು ಹೇಳುವವನ ಮಾತು ಕೇಳಿ ಜೊತೆಗಾರನೂ ದಾರಿ ತಪ್ಪಿದ ಹಾಗೆ.

ಹಾಗಾಗಿ ಮಾರಾಟದವರ ಹತ್ತಿರ ಮೂರು ವಿಷಯ ಕೇಳಿ, ಬರೆದುಕೊಡಲು ಹೇಳಿ. ಜಿಪಿಎಸ್ ಮುಟ್ಟದ ಶುದ್ಧ ಐಆರ್‌ಎಸ್ ಸ್ಥಾನವನ್ನು ಪೆಟ್ಟಿಗೆ ಬೇರೆಯಾಗಿ ಉಳಿಸಿಕೊಳ್ಳುತ್ತದಾ? ಪೈಲಟ್ ಹಾರಾಟದಲ್ಲೇ ಜಿಪಿಎಸ್ ನಂಟು ಕತ್ತರಿಸಬಹುದಾ? ಕತ್ತರಿಸಿದ ಮೇಲೆ ಹಿಂದಿನ ಸುಳ್ಳಿನ ಕಲೆ ಎಷ್ಟು ಹೊತ್ತು ಉಳಿಯುತ್ತದೆ? ಮೂರನೆಯದಕ್ಕೆ ನೆಟ್ಟಗೆ ಉತ್ತರ ಕೊಡುವವರ ಪೆಟ್ಟಿಗೆಗೆ ನನ್ನ ಮತ. ಜಿಪಿಎಸ್ ಮತ್ತು ಮೆಮ್ಸ್ ಬೆರೆತ ಅಗ್ಗದ ಜೋಡಿಗಳಲ್ಲಿ ಶುದ್ಧ ಸ್ಥಾನ ಎಂಬುದೇ ಇರುವುದಿಲ್ಲ. ಇದ್ದರೂ ಕೆಲವು ನಿಮಿಷದಲ್ಲಿ ಎಲ್ಲಿಗೋ ಹೋಗಿರುತ್ತದೆ.

ಎರಡಾ, ಮೂರಾ?

ಬೋಯಿಂಗ್ 737ರಲ್ಲಿ ಐಆರ್‌ಎಸ್ ಎರಡು. ಏರ್‌ಬಸ್ ಎ320ರಲ್ಲಿ ಮೂರು. ಎರಡಿದ್ದಾಗ ಒಂದು ಒಂದನ್ನು ಒಪ್ಪದಿದ್ದರೆ ಜಗಳ ಇದೆ ಅಂತ ಗೊತ್ತಾಗುತ್ತದೆ, ಸುಳ್ಳುಗಾರ ಯಾರು ಅಂತ ಗೊತ್ತಾಗುವುದಿಲ್ಲ. ಮೂರಿದ್ದರೆ ಪಂಚಾಯಿತಿ ಮಾಡಬಹುದು.

2007ರ ಜನವರಿ 1ರಂದು ಇಂಡೊನೇಷ್ಯಾದಲ್ಲಿ ಆ್ಯಡಮ್ ಏರ್‌ನ 574ನೇ ಹಾರಾಟ ಸಮುದ್ರಕ್ಕೆ ಬಿತ್ತು. ವಿಮಾನ 737-400, ಅದರಲ್ಲಿದ್ದ 102 ಮಂದಿಯೂ ಸತ್ತರು. ಎರಡು ಐಆರ್‌ಎಸ್ ಬೇರೆ ಬೇರೆ ಸ್ಥಾನ ತೋರಿಸುತ್ತಿದ್ದವು. ಪೈಲಟ್‌ಗಳಿಬ್ಬರೂ ಅದರಲ್ಲೇ ಮುಳುಗಿದ್ದರು. ಒಂದನ್ನು ಎಟಿಟಿ ಮೋಡ್‌ಗೆ, ಅಂದರೆ ಸ್ಥಾನ ಬಿಟ್ಟು ಬರೀ ವಾಲಿಕೆ ಮತ್ತು ಹೆಡಿಂಗ್ ಕೊಡುವ ಸ್ಥಿತಿಗೆ ತಿರುಗಿಸಿದರು. ಆಟೋಪೈಲಟ್ ಕಳಚಿಕೊಂಡಿತು. ವಿಮಾನ ಮೆಲ್ಲಗೆ ಬಲಕ್ಕೆ ವಾಲತೊಡಗಿತು. ಎಟಿಟಿ ಮೋಡ್ ಸರಿಯಾಗಿ ಕೂರಲು ಅರ್ಧ ನಿಮಿಷ ನೇರ, ಸಮತಟ್ಟು ಹಾರಾಟ ಬೇಕು. ಆ ಅರ್ಧ ನಿಮಿಷ ವಿಮಾನ ಹಿಡಿದುಕೊಳ್ಳುವವರು ಯಾರೂ ಇರಲಿಲ್ಲ. ನಿಮ್ಮ ವಿಮಾನದಲ್ಲಿ ಎರಡೇ ಇದ್ದರೆ ಜೊತೆಗೊಂದು ಸ್ವತಂತ್ರ ಸ್ಟ್ಯಾಂಡ್‌ಬೈ ಹೊರೈಜನ್, ಅಂದರೆ ವಾಲಿಕೆ ತೋರಿಸುವ ಮೀಸಲು ಉಪಕರಣ, ಇರಲಿ. ಒಂದು ಐಆರ್‌ಎಸ್ ಕೈಕೊಟ್ಟಾಗ ಆಟೋಪೈಲಟ್ ಏನು ಮಾಡುತ್ತದೆ ಎಂಬುದನ್ನು ಮೊದಲೇ ತಿಳಿದುಕೊಳ್ಳಿ.

ಬೋಯಿಂಗ್ 777ರದು ಮೂರನೇ ದಾರಿ. ಒಂದೇ ಎಡಿಐಆರ್‌ಯು, ಅದರೊಳಗೆ ಆರು ಲೇಸರ್ ಜೈರೋ, ಆರು ಆಕ್ಸೆಲೆರೋಮೀಟರ್. ಒಂದೆರಡು ಕೆಟ್ಟರೂ ಉಳಿದವು ದೂಡುತ್ತವೆ. ಜೊತೆಗೆ ಫೈಬರ್ ಜೈರೋಗಳ ಬೇರೊಂದು ಸಹಾಯಕ ಪೆಟ್ಟಿಗೆ. ಚೆಂದದ ವಿನ್ಯಾಸ. ಆದರೂ 2005ರ ಆಗಸ್ಟ್ 1ರಂದು ಪರ್ತ್‌ನಿಂದ ಹೊರಟ ಮಲೇಷ್ಯಾ ಏರ್‌ಲೈನ್ಸ್‌ನ 777 ಇದ್ದಕ್ಕಿದ್ದಂತೆ ಮೂಗು ಎತ್ತಿತು. 2001ರಲ್ಲೇ ಒಂದು ಆಕ್ಸೆಲೆರೋಮೀಟರ್ ಕೆಟ್ಟಿತ್ತು, ಕಂಪ್ಯೂಟರ್ ಅದನ್ನು ಬದಿಗಿಟ್ಟಿತ್ತು. ಆ ದಿನ ಇನ್ನೊಂದು ಕೆಟ್ಟಾಗ ಸಾಫ್ಟ್‌ವೇರ್‌ನ ಹುಳುಕಿನಿಂದ ಹಳೆಯ ಸತ್ತ ಸೆನ್ಸರ್‌ನ ಮಾತನ್ನು ಮತ್ತೆ ಕೇಳತೊಡಗಿತು. ಪೈಲಟ್‌ಗಳು ಆಟೋಪೈಲಟ್ ಬಿಡಿಸಿ ವಿಮಾನವನ್ನು ಪರ್ತ್‌ಗೇ ಸುರಕ್ಷಿತವಾಗಿ ಮರಳಿಸಿದರು. ಒಳಗೆ ಬಿಡಿ ಸೆನ್ಸರ್ ಇರುವುದು ಒಳ್ಳೆಯದೇ, ಆದರೆ ಯಾವುದು ಸತ್ತಿದೆ ಎಂಬುದು ಮೆಕ್ಯಾನಿಕ್‌ಗೆ ಕಾಣುವಂತಿರಬೇಕು.

ಅಲೈನ್ ಮತ್ತು ಗುಂಡಿಗಳು

ಅಲೈನ್ ಎಂದರೆ ಹೊರಡುವ ಮೊದಲು ವಿಮಾನ ಅಲ್ಲಾಡದೆ ನಿಂತಿರುವಾಗ ಕೆಳಗು ಯಾವುದು, ಉತ್ತರ ಯಾವುದು ಅಂತ ಕಂಡುಕೊಳ್ಳುವುದು. ಭೂಮಧ್ಯರೇಖೆಯ ಹತ್ತಿರ 5 ನಿಮಿಷದಲ್ಲಿ ಮುಗಿಯುವ ಕೆಲಸ 70 ಡಿಗ್ರಿ ಅಕ್ಷಾಂಶದಾಚೆ 17 ನಿಮಿಷ ಹಿಡಿಯಬಹುದು. ಧ್ರುವದ ಕಡೆಗೆ ಹೋದಂತೆ ಉತ್ತರ ಹಿಡಿಯಲು ಸಿಗುವ ಭೂಮಿಯ ತಿರುಗುವಿಕೆಯ ಪಾಲು ಸಣ್ಣದಾಗುತ್ತದೆ. ಅವಸರದ ಹಾರಾಟ ಜಾಸ್ತಿ ಇರುವವರು ಜಿಪಿಎಸ್ ನೆರವಿನಿಂದ ಚಲಿಸುತ್ತಲೇ ಅಲೈನ್ ಆಗುವಂಥದ್ದನ್ನು ನೋಡಿ.

ಐಆರ್‌ಎಸ್ ತನ್ನ ಅಕ್ಷಾಂಶವನ್ನು ತಾನೇ ಲೆಕ್ಕ ಹಾಕಿ ನೀವು ಕೊಟ್ಟಿದ್ದರ ಜೊತೆ ತಾಳೆ ನೋಡಬಲ್ಲದು. ರೇಖಾಂಶಕ್ಕೆ ಆ ದಾರಿಯಿಲ್ಲ. ಪೂರ್ವ, ಪಶ್ಚಿಮ ಎಲ್ಲಿ ನಿಂತರೂ ಭೂಮಿ ತಿರುಗುವುದು ಒಂದೇ ಥರ ಕಾಣುತ್ತದೆ. ರೇಖಾಂಶ ನೀವು ಹೇಳಿದ್ದೇ ಸರಿ. 2015ರ ಮಾರ್ಚ್ 10ರಂದು ಸಿಡ್ನಿಯಲ್ಲಿ ಏರ್‌ಏಷ್ಯಾ ಎಕ್ಸ್‌ನ ಎ330 ಹೊರಡುವ ಮುನ್ನ 15109.8 ಎಂದು ಒತ್ತಬೇಕಿದ್ದಲ್ಲಿ 01519.8 ಎಂದು ಒತ್ತಿದರು. ಅಂದರೆ 151 ಡಿಗ್ರಿ ಪೂರ್ವದ ಬದಲು 15 ಡಿಗ್ರಿ ಪೂರ್ವ. ತಪ್ಪು 11,000 ಕಿಲೋಮೀಟರ್‌ಗೂ ಮೀರಿತು. ಮೇಲೇರಿದ ವಿಮಾನ ಎಡಕ್ಕೆ ತಿರುಗಿ ಪಕ್ಕದ ರನ್‌ವೇಯ ದಾರಿಗೆ ಅಡ್ಡ ಬಂತು. ಸಿಡ್ನಿಯ ಹವೆ ಕೆಟ್ಟಿದ್ದರಿಂದ ಕೊನೆಗೆ ಮೆಲ್ಬರ್ನ್‌ನಲ್ಲಿ ಇಳಿಸಿದರು. ಇಂಥ ತಪ್ಪು ತಡೆಯಬಲ್ಲ ಎಫ್‌ಎಂಎಸ್ ಸುಧಾರಣೆ ಆ ವಿಮಾನಕ್ಕೆ ಹಾಕಿರಲಿಲ್ಲ ಎಂದು ಆಸ್ಟ್ರೇಲಿಯಾದ ತನಿಖೆ ಹೇಳಿತು. ಜೈರೋಗೆ ಹತ್ತು ಪಟ್ಟು ದುಡ್ಡು ಸುರಿದರೂ ಈ ತಪ್ಪು ನಿಲ್ಲುತ್ತಿರಲಿಲ್ಲ. ಒತ್ತಿದ ಸ್ಥಾನವನ್ನು ಜಿಪಿಎಸ್ ಜೊತೆ, ಹಿಂದಿನ ನಿಲುಗಡೆಯ ಜೊತೆ ತಾಳೆ ನೋಡಿ ತಕರಾರು ಎತ್ತುವ ಪೆಟ್ಟಿಗೆಯನ್ನೇ ಆರಿಸಿ.

ಕೊಳ್ಳುವ ಮುಂಚೆ ನೋಡಬೇಕಾದ ಪುಸ್ತಕ

ಅಮೆರಿಕದ ನಿಯಮದ ಪ್ರಕಾರ 10 ಗಂಟೆ ತನಕದ ಹಾರಾಟಗಳಲ್ಲಿ, ನೂರಕ್ಕೆ 95 ಸಲ, ತಪ್ಪು ಗಂಟೆಗೆ 2 ನಾಟಿಕಲ್ ಮೈಲಿ ಮೀರಬಾರದು. ಹೊಸ ಪೆಟ್ಟಿಗೆಗಳು ಇದನ್ನು ಆರಾಮಾಗಿ ದಾಟುತ್ತವೆ. ಬಳಸಿದ ವಿಮಾನದ ಜೊತೆ ಬರುವ ಪೆಟ್ಟಿಗೆ ಹೇಗಿದೆ ಅಂತ ತಿಳಿಯಲು ವಿಮಾನ ನಿಂತ ಮೇಲಿನ ದಾಖಲೆ ನೋಡಿ. ಚಕ್ರಕ್ಕೆ ಅಡ್ಡಕಟ್ಟೆ ಇಟ್ಟಾಗಿರುತ್ತದೆ, ಎಂಜಿನ್ ಆರಿರುತ್ತದೆ, ಪರದೆ ಮೇಲೆ ಒಂದು ಐಆರ್‌ಎಸ್ ಮಾತ್ರ ಇನ್ನೂ 6 ನಾಟ್ (ಗಂಟೆಗೆ 6 ನಾಟಿಕಲ್ ಮೈಲಿ) ವೇಗದಲ್ಲಿ ಹೋಗುತ್ತಿದ್ದೇನೆ ಅನ್ನುತ್ತಿರುತ್ತದೆ. ಅದು ಇಡೀ ಹಾರಾಟದ ಜಾರಿಕೆಯ ಉಳಿಕೆ. ಏರ್‌ಬಸ್ ವಿಮಾನಗಳಲ್ಲಿ 15 ನಾಟ್ ಮುಟ್ಟಿದರೆ ದೂರು ಬರೆಯಬೇಕು. ಒಂದೇ ದಿನದ ಸೊನ್ನೆ ನೋಡಿ ಮಾತ್ರ ಖುಷಿಪಡಬೇಡಿ. ವೇಗದ ತಪ್ಪೂ 84 ನಿಮಿಷದ ಉಯ್ಯಾಲೆಯಲ್ಲೇ ತೂಗುತ್ತಿರುತ್ತದೆ, ನೀವು ನೋಡಿದಾಗ ನಡುವೆ ಬಂದಿರಬಹುದು. ಇಪ್ಪತ್ತು ಮೂವತ್ತು ಹಾರಾಟಗಳ ಅಂಕಿ ಕೇಳಿ ಪಡೆಯಿರಿ, ಪ್ರತಿಯೊಂದರ ಪಕ್ಕದಲ್ಲೂ ಸ್ಥಾನದ ತಪ್ಪು ಎಷ್ಟು ಮೈಲಿ ಎಂಬುದೂ ಇರಲಿ.